ಅಣ್ಣನಿಗೆ ತಂದ ಪಿಯಾನೊ: ಜಾರ್ಜ್ ಗರ್ಶ್ವಿನ್ ಜೀವನ

ಬೇಸಿಗೆ ಬಂತೆಂದರೆ ಅಮೆರಿಕದ ಕನ್ನಡ ಕುಟುಂಬಗಳಾದ ನಮಗೆ ಪಾರ್ಕಿಗೆ ಹೊರಡುವ ಸಂಭ್ರಮ. ಚಾಪೆ, ಮಡಿಚುವ ಕುರ್ಚಿ, ಡಬ್ಬಿಗಳಲ್ಲಿ ಚಿತ್ರಾನ್ನ, ಮೊಸರನ್ನ, ಫ್ಲಾಸ್ಕಿನಲ್ಲಿ ಕಾಫಿ. ಹುಲ್ಲಿನ ಮೇಲೆ ಜಾಗ ಹಿಡಿದು ಕುಳಿತರೆ ಸಂಜೆಗೆ ಊರಿನ ಸಿಂಫನಿ ಆರ್ಕೆಸ್ಟ್ರಾದ ಬಯಲು ಕಚೇರಿ. ಜುಲೈ ನಾಲ್ಕರ ಆಸುಪಾಸಿನಲ್ಲಂತೂ ಅಮೆರಿಕದ ಸಂಗೀತವೆಂದೇ ಆರಿಸಿದ ಕೃತಿಗಳನ್ನು ನುಡಿಸುತ್ತಾರೆ. ಅಂಥ ಸಂಜೆಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಹೆಸರು ಜಾರ್ಜ್ ಗರ್ಶ್ವಿನ್. ಅದು ನಮ್ಮಂತೆಯೇ ಕಡಲು ದಾಟಿ ಬಂದ ಮನೆಯೊಂದರ ಹೆಸರು ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿರಲಾರದು. ನಮ್ಮ ಮಕ್ಕಳು ಯಾವ ನಾಡಿನವರು, ಅವರ ಬಾಯಲ್ಲಿ ಯಾವ ಹಾಡು ಉಳಿದೀತು ಎಂಬ ಚಿಂತೆ ನಾವು ಸೇರಿದಾಗಲೆಲ್ಲ ಏಳುತ್ತದೆ. ಆದ್ದರಿಂದ ಈ ವಾರ್ಷಿಕೋತ್ಸವದ ಹೊತ್ತಿನಲ್ಲಿ ಅವನ ಬದುಕನ್ನು ನೆನೆಯುವುದು ಉಚಿತವೆಂದು ನಮಗೆ ತೋರಿತು.

ಗರ್ಶ್ವಿನ್‌ನ ತಂದೆತಾಯಿ ರಷ್ಯಾದಿಂದ ಬಂದ ಯಹೂದಿಗಳು. 1898ರ ಸೆಪ್ಟೆಂಬರ್ 26ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜನಿಸಿದ ಮಗುವಿಗೆ ಜೇಕಬ್ ಎಂದು ಹೆಸರಿಟ್ಟರು. ಜಾರ್ಜ್ ಆಮೇಲೆ ಬಂದ ಹೆಸರು. ತಂದೆ ಹಿಡಿಯದ ಉದ್ಯೋಗವಿಲ್ಲ. ಬೇಕರಿ, ಹೋಟೆಲು, ಚುಟ್ಟದ ಅಂಗಡಿ, ಸ್ನಾನಗೃಹ ಹೀಗೆ ಒಂದಾದ ಮೇಲೊಂದು. ಕೆಲಸ ಬದಲಾದಂತೆ ಮನೆಯೂ ಬದಲಾಗುತ್ತಿತ್ತು. ಇಪ್ಪತ್ತಕ್ಕೂ ಹೆಚ್ಚು ಸಲ ಗಂಟುಮೂಟೆ ಕಟ್ಟಿದ ಸಂಸಾರ ಅದು.

1910ರಲ್ಲಿ ಮನೆಗೆ ಒಂದು ಪಿಯಾನೊ ಬಂತು. ತಂದದ್ದು ಓದಿನಲ್ಲಿ ಆಸಕ್ತಿಯಿದ್ದ ಹಿರಿಯ ಮಗ ಐರಾನಿಗಾಗಿ. ಬೀದಿಯಲ್ಲಿ ಆಡಿಕೊಂಡು ಬೆಳೆದ ಕಿರಿಯವನ ಮೇಲೆ ಯಾರಿಗೂ ಅಂಥ ನಿರೀಕ್ಷೆ ಇರಲಿಲ್ಲ. ಆದರೆ ಪಿಯಾನೊದ ಮುಂದೆ ಕುಳಿತು ಸಲೀಸಾಗಿ ಹಾಡೊಂದನ್ನು ನುಡಿಸಿ ಎಲ್ಲರನ್ನೂ ಬೆರಗುಗೊಳಿಸಿದವನು ಜಾರ್ಜ್. ಗೆಳೆಯನ ಮನೆಯಲ್ಲಿ ಅವನು ಆಗಲೇ ಬೆರಳು ಪಳಗಿಸಿಕೊಂಡಿದ್ದ. ಐರಾ ಸಂತೋಷದಿಂದಲೇ ಜಾಗ ಬಿಟ್ಟುಕೊಟ್ಟ. ಮುಂದೆ ಅಣ್ಣ ಸಾಹಿತ್ಯ ಬರೆದು ತಮ್ಮ ಸ್ವರ ಹಾಕಿ ನೂರಾರು ಹಾಡುಗಳು ಹುಟ್ಟಿದವು.

ಚಾರ್ಲ್ಸ್ ಹ್ಯಾಂಬಿಟ್ಸರ್ ಎಂಬ ಗುರುವಿನಿಂದ ಅವನಿಗೆ ಯುರೋಪಿನ ಶಾಸ್ತ್ರೀಯ ಸಂಗೀತದ ಪರಿಚಯವಾಯಿತು. ಆದರೆ 1914ರಲ್ಲಿ, ಹದಿನೈದನೆಯ ವಯಸ್ಸಿಗೇ ಶಾಲೆ ಬಿಟ್ಟು, ವಾರಕ್ಕೆ 15 ಡಾಲರ್ ಸಂಬಳಕ್ಕೆ ಹಾಡುಗಳ ಪ್ರಕಾಶಕರ ಬಳಿ ಸೇರಿಕೊಂಡ. ಬಂದ ಗಿರಾಕಿಗಳಿಗೆ ಹೊಸ ಹಾಡುಗಳನ್ನು ದಿನವಿಡೀ ನುಡಿಸಿ ತೋರಿಸುವುದು ಅವನ ಕೆಲಸ. ಮಗ ಓದು ಬಿಟ್ಟನೆಂದರೆ ತಾಯಿಗೆ ಎಷ್ಟು ಸಂಕಟವಾಗಿರಬಹುದೆಂದು ನಾವು ಬಿಡಿಸಿ ಹೇಳಬೇಕಾಗಿಲ್ಲ. 1919ರ ‘ಸ್ವಾನಿ’ ಎಂಬ ಹಾಡು ಆಲ್ ಜೋಲ್ಸನ್‌ನ ಕಂಠದಲ್ಲಿ ದೇಶವನ್ನೆಲ್ಲ ಸುತ್ತಿದಾಗ ಅವನಿಗೆ ಇಪ್ಪತ್ತೊಂದೇ ವರ್ಷ.

ಆ ದಿನಗಳಲ್ಲಿ ಅವನ ಇನ್ನೊಂದು ಪಾಠಶಾಲೆ ಹಾರ್ಲೆಂ. ಅಲ್ಲಿನ ಕಪ್ಪು ಜನರ ಪಿಯಾನೊ ವಾದಕರಾದ ಜೇಮ್ಸ್ ಪಿ. ಜಾನ್ಸನ್, ಲಕ್ಕಿ ರಾಬರ್ಟ್ಸ್ ಮುಂತಾದವರನ್ನು ಅವನು ಕಿವಿಗೊಟ್ಟು ಕೇಳಿದ. ಬ್ಲೂಸ್ ಮತ್ತು ಜಾಝ್ ಅವನಿಗೆ ಒಲಿದದ್ದು ಹೀಗೆ.

1924ರ ಜನವರಿಯಲ್ಲಿ ಐರಾ ಪತ್ರಿಕೆಯೊಂದರಲ್ಲಿ ಒಂದು ಸುದ್ದಿ ಓದಿ ಚಕಿತನಾದ. ಬ್ಯಾಂಡ್ ನಾಯಕ ಪಾಲ್ ವೈಟ್‌ಮನ್‌ನ ಕಚೇರಿಗಾಗಿ ತಮ್ಮ ಒಂದು ದೊಡ್ಡ ಕೃತಿ ಬರೆಯುತ್ತಿದ್ದಾನಂತೆ! ತಮ್ಮನಿಗೇ ಅದು ಹೊಸ ಸುದ್ದಿ. ಉಳಿದದ್ದು ಐದಾರು ವಾರ. ಬಾಸ್ಟನ್‌ಗೆ ಹೋಗುವ ರೈಲಿನ ಗಡಗಡ ಸದ್ದಿನಲ್ಲಿ ಅವನಿಗೆ ಕೃತಿಯ ರೂಪುರೇಷೆ ಹೊಳೆಯಿತು. ಫೆಬ್ರವರಿ 12ರಂದು ನ್ಯೂಯಾರ್ಕಿನ ಏಯೋಲಿಯನ್ ಹಾಲ್‌ನಲ್ಲಿ ‘ರ್‍ಯಾಪ್ಸಡಿ ಇನ್ ಬ್ಲೂ’ ಮೊಳಗಿತು. ಪಿಯಾನೊ ನುಡಿಸಿದವನು ಅವನೇ. ಆರಂಭದಲ್ಲಿ ಕ್ಲಾರಿನೆಟ್ ಕೆಳಗಿನಿಂದ ಮೇಲಕ್ಕೆ ಜಾರುತ್ತಾ ಏರುವ ಆ ಎಳೆ, ನಮ್ಮ ಸಂಗೀತದ ಜಾರು ಬಲ್ಲ ಕಿವಿಗೆ ಅಪರಿಚಿತವೆನಿಸದು.

ಮರುವರ್ಷ ಪಿಯಾನೊ ಕಾಂಚೆರ್ಟೊ, 1928ರಲ್ಲಿ ‘ಆನ್ ಅಮೆರಿಕನ್ ಇನ್ ಪ್ಯಾರಿಸ್’ ಕಾರ್ನೆಗಿ ಹಾಲನ್ನು ಏರಿದವು. ಜನ ಮೆಚ್ಚಿದರು, ಪಂಡಿತರು ಜಗಳಾಡಿದರು. ಹೋಟೆಲುಗಳಲ್ಲಿ ನುಡಿಸುವ ಜಾಝ್‌ಗೆ ಸಿಂಫನಿಯ ಪಕ್ಕದಲ್ಲಿ ಪೀಠ ಕೊಡಬಹುದೇ? ಅಮೆರಿಕಕ್ಕೆ ತನ್ನದೆಂಬ ಸಂಗೀತವಿದೆಯೇ, ಇದ್ದರೆ ಅದು ಯಾರದು?

ಈ ಪ್ರಶ್ನೆಗೆ ಬಯಲಿನಲ್ಲಿ ಉತ್ತರ ಸಿಕ್ಕ ಸಂಜೆ 1932ರ ಆಗಸ್ಟ್ 16. ಸ್ಥಳ ನ್ಯೂಯಾರ್ಕಿನ ಸಿಟಿ ಕಾಲೇಜಿನ ಲೂಯಿಸನ್ ಸ್ಟೇಡಿಯಂ. ವಲಸೆ ಬಂದ ಬಡವರ ಮಕ್ಕಳಿಗೆ ಶುಲ್ಕವಿಲ್ಲದೆ ವಿದ್ಯೆ ಕೊಡುತ್ತಿದ್ದ ಕಾಲೇಜು ಅದು. ಐರಾ ಕೂಡ ಅಲ್ಲಿ ಸ್ವಲ್ಪ ಕಾಲ ಓದಿದ್ದ. ಬೇಸಿಗೆಯ ರಾತ್ರಿಗಳಲ್ಲಿ ಅಲ್ಲಿ 25 ಸೆಂಟ್ ಕೊಟ್ಟರೂ ಕಚೇರಿ ಕೇಳಬಹುದಿತ್ತು. ದೇಶವೆಲ್ಲ ಆರ್ಥಿಕ ಕುಸಿತದಲ್ಲಿ ನರಳುತ್ತಿದ್ದ ವರ್ಷ ಅದು. ಆದರೂ ಆ ರಾತ್ರಿ ಹದಿನೇಳು ಸಾವಿರಕ್ಕೂ ಮೀರಿ ಜನ ಸೇರಿದರು. ಸಾವಿರಾರು ಮಂದಿ ಜಾಗವಿಲ್ಲದೆ ಹಿಂತಿರುಗಿದರು. ಕಾರ್ಯಕ್ರಮದಲ್ಲಿ ಇದ್ದದ್ದೆಲ್ಲ ಗರ್ಶ್ವಿನ್‌ನ ಕೃತಿಗಳೇ. ಅದೇ ವರ್ಷ ಹವಾನಾಕ್ಕೆ ಹೋಗಿ ಬಂದು ಬರೆದ ‘ರುಂಬಾ’ ಅಂದು ಮೊದಲ ಬಾರಿಗೆ ಕೇಳಿಬಂತು. ಕ್ಯೂಬಾದ ಬೀದಿ ವಾದ್ಯಗಳಾದ ಬೊಂಗೊ, ಮರಾಕಾ, ಕ್ಲಾವೆಸ್, ಸೋರೆಬುರುಡೆಗಳಿಗೆ ಸಿಂಫನಿಯ ನಡುವೆ ಜಾಗ ಸಿಕ್ಕಿತು. ಮೂರು ತಿಂಗಳ ಹಿಂದೆಯಷ್ಟೇ, ಮೇ ತಿಂಗಳಲ್ಲಿ, ತಂದೆ ತೀರಿಕೊಂಡಿದ್ದರು. ಮಗನ ಸಂಗೀತಕ್ಕಾಗಿ ಊರಿಗೆ ಊರೇ ನೆರೆದ ಆ ಸಂಜೆಯನ್ನು ಕಾಣುವ ಭಾಗ್ಯ ಅವರಿಗೆ ಇರಲಿಲ್ಲ.

1934ರ ಬೇಸಿಗೆಯಲ್ಲಿ ಅವನು ದಕ್ಷಿಣ ಕೆರೊಲಿನಾದ ಫಾಲಿ ದ್ವೀಪದಲ್ಲಿ ನೆಲೆಸಿ, ಅಲ್ಲಿನ ಕಪ್ಪು ಜನರ ಪ್ರಾರ್ಥನೆ, ಹಾಡು, ಚಪ್ಪಾಳೆಯ ಲಯಗಳನ್ನು ಕೇಳಿ ಕಲಿತ. ಅದರ ಫಲ 1935ರ ಒಪೆರಾ ‘ಪೋರ್ಗಿ ಅಂಡ್ ಬೆಸ್’. ಅದನ್ನು ಕಪ್ಪು ಕಲಾವಿದರೇ ಹಾಡಬೇಕೆಂದು ಅವನು ಹಠ ಹಿಡಿದ. 1936ರಲ್ಲಿ ವಾಷಿಂಗ್ಟನ್‌ನಲ್ಲಿ ಆ ಕಲಾವಿದರು ಪಟ್ಟು ಹಿಡಿದದ್ದರಿಂದ ಕಪ್ಪು ಬಿಳಿ ಪ್ರೇಕ್ಷಕರು ಒಟ್ಟಿಗೆ ಕುಳಿತು ನೋಡುವಂತಾಯಿತು. ಆದರೂ ನ್ಯೂಯಾರ್ಕಿನಲ್ಲಿ ಒಪೆರಾ 124 ಪ್ರದರ್ಶನಗಳಿಗೇ ನಿಂತಿತು. ಕಪ್ಪು ಜನರ ಬದುಕನ್ನು ಹೊರಗಿನವನೊಬ್ಬ ಚಿತ್ರಿಸಿದ್ದಾನೆಂಬ ಆಕ್ಷೇಪವೂ ಬಂತು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಅವನು ಯಾರಿಂದ ಕಲಿತನೋ ಅವರಿಗೆ ಅವನಿಗೆ ಸಿಕ್ಕಷ್ಟು ಸುಲಭವಾಗಿ ದೊಡ್ಡ ವೇದಿಕೆಗಳು ಆ ಕಾಲದಲ್ಲಿ ಸಿಗುತ್ತಿರಲಿಲ್ಲ. ಅವನ ಸಂಗೀತ ಕೇಳುವಾಗ ಆ ಋಣವನ್ನೂ ನೆನೆಯುವುದು ನ್ಯಾಯ.

1937ರಲ್ಲಿ ಹಾಲಿವುಡ್‌ನಲ್ಲಿ ಚಿತ್ರಗಳಿಗೆ ಹಾಡು ಬರೆಯುತ್ತಿದ್ದಾಗ ತಲೆನೋವು ಕಾಡತೊಡಗಿತು. ಮಿದುಳಿನಲ್ಲಿ ಗೆಡ್ಡೆಯಿದೆಯೆಂದು ತಿಳಿಯುವಷ್ಟರಲ್ಲಿ ಕಾಲ ಮೀರಿತ್ತು. ಜುಲೈ 11ರಂದು, ಕೇವಲ 38ರ ಹರೆಯದಲ್ಲಿ ಅವನು ಕಣ್ಮುಚ್ಚಿದ. ಮುಂದಿನ ತಿಂಗಳು ಅದೇ ಲೂಯಿಸನ್ ಸ್ಟೇಡಿಯಂನಲ್ಲಿ ಅವನ ನೆನಪಿಗೆ ಕಚೇರಿ ನಡೆಯಿತು. ಆ ಸ್ಟೇಡಿಯಂ 1973ರಲ್ಲಿ ನೆಲಸಮವಾಯಿತು. ಅದರ ಕಲ್ಲು ಉಳಿಯಲಿಲ್ಲ, ಅಲ್ಲಿ ನುಡಿದ ಸ್ವರ ಉಳಿಯಿತು.

ತಂದೆತಾಯಿ ರಷ್ಯಾದಿಂದ ಹೊತ್ತು ತಂದದ್ದನ್ನು ಅವನು ಹಾಗೆಯೇ ಕಾಪಿಡಲಿಲ್ಲ, ಬಿಸಾಡಲೂ ಇಲ್ಲ. ನೆರೆಹೊರೆಯವರ ಹಾಡಿಗೆ ಕಿವಿಗೊಟ್ಟು, ಕೇಳಿದ್ದನ್ನು ತನ್ನ ಬೆರಳುಗಳಲ್ಲಿ ತನ್ನದಾಗಿಸಿಕೊಂಡ. ವಲಸೆ ಬಂದವರ ಮನೆಯ ಆ ಹುಡುಗನ ದನಿಯನ್ನು ಒಂದು ದೇಶವೇ ತನ್ನ ದನಿಯೆಂದು ಒಪ್ಪಿಕೊಂಡಿತು.

ನಾವೂ ಮಕ್ಕಳಿಗೆ ವೀಣೆ ತಂದುಕೊಡುತ್ತೇವೆ, ದೇವರನಾಮ ಕಲಿಸುತ್ತೇವೆ, ಕಲಿಸಲೇಬೇಕು. ಆದರೆ ನಾವು ಹಿರಿಯವಳಿಗೆಂದು ತಂದ ವೀಣೆಯ ಮುಂದೆ ಕಿರಿಯವನು ಬಂದು ಕುಳಿತರೆ, ಅದರಲ್ಲಿ ನಾವು ಕೇಳರಿಯದ ರಾಗವೊಂದನ್ನು ಮೀಟಿದರೆ, ಗದರಿಸದೆ ಒಂದು ಗಳಿಗೆ ಕೇಳೋಣ. ಮುಂದೊಂದು ಬೇಸಿಗೆಯ ಸಂಜೆ, ಯಾವುದೋ ಹುಲ್ಲುಹಾಸಿನ ಮೇಲೆ, ಆ ರಾಗವನ್ನು ಕೇಳಲು ಸಾವಿರಾರು ಜನ ನೆರೆದಾರು.