ಕುದ್ಮುಲ್ ರಂಗರಾವ್: ಶಾಲೆಯ ಬಾಗಿಲು ತೆರೆದ ಮಂಗಳೂರಿನ ವಕೀಲರು

ಮಂಗಳೂರಿನ ನೆಹರು ಮೈದಾನದ ಬಳಿಯ ಪುರಭವನ ನಮ್ಮ ಓದುಗರಲ್ಲಿ ಅನೇಕರಿಗೆ ಪರಿಚಿತ. ನಾಟಕಕ್ಕೋ ಸಭೆಗೋ ಒಮ್ಮೆಯಾದರೂ ಅಲ್ಲಿಗೆ ಹೋಗಿರುತ್ತೀರಿ. ಅದಕ್ಕಿರುವ ಹೆಸರು ಕುದ್ಮುಲ್ ರಂಗರಾವ್ ಪುರಭವನ. ಈ ರಂಗರಾವ್ ಯಾರು ಎಂದು ಕೇಳಿದರೆ ಊರಿನವರೇ ತಡವರಿಸುವುದುಂಟು.

ರಂಗರಾಯರು 1859ರ ಜೂನ್ 29ರಂದು ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದರು. ಎಳೆಯ ಪ್ರಾಯದಲ್ಲೇ ತಂದೆಯನ್ನು ಕಳೆದುಕೊಂಡು, ಕೆಲಸ ಹುಡುಕಿಕೊಂಡು ಮಂಗಳೂರಿಗೆ ಬಂದರು. ಮೊದಲು ಶಿಕ್ಷಕರಾದರು, ಬಳಿಕ ಕಾನೂನು ಓದಿ ವಕೀಲರಾದರು. ಉಳ್ಳಾಲ ರಘುನಾಥಯ್ಯನವರು ಮುಂದಾಳಾಗಿದ್ದ ಬ್ರಹ್ಮಸಮಾಜದ ಸಂಪರ್ಕ ಅವರಿಗೆ ಇಲ್ಲಿಯೇ ಆಯಿತು.

ಆಗಿನ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ದಲಿತರಿಗೆ ಊರ ಬಾವಿ ಇಲ್ಲ, ದೇವಸ್ಥಾನ ಇಲ್ಲ, ಮೇಲ್ಜಾತಿಯವರ ಮಕ್ಕಳು ಕೂರುವ ಶಾಲೆ ಇಲ್ಲ. ಕೊರಗರ ಒಂದು ಪಂಗಡದವರು ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಗಡಿಗೆ ಕಟ್ಟಿಕೊಂಡು ತಿರುಗಬೇಕಿತ್ತು ಎಂಬುದು ದಾಖಲಾಗಿರುವ ಸಂಗತಿ. ಅಮೆರಿಕದಲ್ಲಿ ಕರಿಯರಿಗೆ ರೈಲಿನಲ್ಲಿ ಬೇರೆ ಡಬ್ಬಿ ಇಟ್ಟರೆ ತಪ್ಪಿಲ್ಲವೆಂದು ಅಲ್ಲಿನ ಸುಪ್ರೀಂ ಕೋರ್ಟು 1896ರಲ್ಲಿ ತೀರ್ಪು ಕೊಟ್ಟಿತು. ನಮ್ಮಲ್ಲಿ ಅಂಥ ತೀರ್ಪಿನ ಅಗತ್ಯವೇ ಇರಲಿಲ್ಲ. ರೂಢಿಯೇ ಕಾನೂನಾಗಿತ್ತು, ಅದನ್ನು ಜಾರಿಗೊಳಿಸಲು ಊರಿಗೆ ಊರೇ ನಿಂತಿತ್ತು.

ಇದನ್ನು ಎಲ್ಲಿಂದ ಮುರಿಯಬೇಕು? ರಾಯರು ಆರಿಸಿಕೊಂಡದ್ದು ಅಕ್ಷರವನ್ನು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಅದು ಅಲ್ಲಿ ನಿಲ್ಲಲಿಲ್ಲ. ಎದುರಾದ ವಿರೋಧದಿಂದ ಜಾಗ ಬದಲಿಸಬೇಕಾಯಿತು. ಕಲಿಸಲು ಮೇಲ್ಜಾತಿಯ ಶಿಕ್ಷಕರು ಮುಂದೆ ಬರಲಿಲ್ಲ, ಕ್ರೈಸ್ತ ಶಿಕ್ಷಕರನ್ನು ಕರೆತಂದು ಪಾಠ ನಡೆಸಿದರು. ಸ್ವಜಾತಿಯವರು ರಾಯರನ್ನು ದೂರವಿಟ್ಟರು. ಬೀದಿಯಲ್ಲಿ ಬೈಗುಳ, ಸಮಾರಂಭಗಳಲ್ಲಿ ಬಹಿಷ್ಕಾರ. ವಕೀಲಿಯಿಂದ ಬದುಕುವವನಿಗೆ ನಾಲ್ಕು ಜನರ ಮರ್ಯಾದೆಯೇ ಬಂಡವಾಳ. ಅದನ್ನೇ ಅವರು ಪಣಕ್ಕಿಟ್ಟರು.

ಹುಟ್ಟುಹಾಕಿದ ಕೆಲಸಕ್ಕೆ ಒಂದು ಸಂಸ್ಥೆಯ ರೂಪ ಬಂದದ್ದು 1897ರಲ್ಲಿ. ಅದೇ ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಸಂಸ್ಥೆಯನ್ನು ಮುಂಬೈಯಲ್ಲಿ ಕಟ್ಟಿದ್ದು 1906ರಲ್ಲಿ. ಅಂದರೆ ಮಂಗಳೂರು ಒಂಬತ್ತು ವರ್ಷ ಮುಂದಿತ್ತು! ಕೊಡಿಯಾಲಬೈಲಿನ ಶೇಡಿಗುಡ್ಡೆ ಮಿಷನ್ನಿನ ನೆಲೆಯಾಯಿತು. ಮುಂದೆ ನಗರದ ಬೇರೆ ಭಾಗಗಳಿಗೂ ಮುಲ್ಕಿ, ಉಡುಪಿಗಳಿಗೂ ಶಾಲೆಗಳು ಹಬ್ಬಿದವು.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲ ಎಂಬುದು ರಾಯರಿಗೆ ಬೇಗ ತಿಳಿಯಿತು. ಬೆಳಗಾದರೆ ಮಗುವೂ ದುಡಿಯಲೇಬೇಕಾದ ಮನೆಗಳವು. ಹಾಗಾಗಿ ಮಧ್ಯಾಹ್ನದ ಊಟ ಕೊಟ್ಟರು, ಮಗುವಿನ ಕೂಲಿ ತಪ್ಪುವುದಕ್ಕೆ ಬದಲಾಗಿ ಹೆತ್ತವರಿಗೆ ಒಂದಿಷ್ಟು ಕಾಸನ್ನೂ ಕೊಟ್ಟರು. ಇಂದಿನ ಬಿಸಿಯೂಟವನ್ನು ಹೊಗಳುವಾಗ ಈ ಹಳೆಯ ಪ್ರಯೋಗ ಯಾರಿಗೂ ನೆನಪಾಗುವುದಿಲ್ಲ. ನೇಯ್ಗೆಯಂಥ ಕಸುಬು ಕಲಿಸಿದರು, ಬಾವಿ ತೋಡಿಸಿದರು, ಮನೆ ಕಟ್ಟಿಕೊಳ್ಳಲು ಜಾಗ ದೊರಕಿಸಿದರು. ಆದರೆ ಧಣಿಯ ಸಿಟ್ಟಿಗೆ ಹೆದರದೆ ಮಗುವನ್ನು ಕಳಿಸಿದ ತಂದೆತಾಯಿಯರ ಧೈರ್ಯ ರಾಯರದಕ್ಕಿಂತ ಕಡಿಮೆಯದೇನಲ್ಲ. ವಕೀಲರಿಗೆ ತಪ್ಪುತ್ತಿದ್ದದ್ದು ಮರ್ಯಾದೆ, ಅವರಿಗೆ ತಪ್ಪುತ್ತಿದ್ದದ್ದು ಗಂಜಿ.

ಮನೆಯಲ್ಲೂ ರಾಯರು ಜಾತಿಯ ಗೆರೆ ದಾಟಿದರು. ಮಗಳು ರಾಧಾಬಾಯಿ ಮದರಾಸಿನಲ್ಲೂ ಆಕ್ಸ್‌ಫರ್ಡಿನಲ್ಲೂ ಓದಿದರು. 1912ರಲ್ಲಿ ತಮಿಳುನಾಡಿನ ಕುಮಾರಮಂಗಲದ ಜಮೀನ್ದಾರ ಪಿ. ಸುಬ್ಬರಾಯನ್ ಅವರನ್ನು ಮದುವೆಯಾದರು. ಅದು ಅಂತರ್ಜಾತಿ ವಿವಾಹ. ಸುಬ್ಬರಾಯನ್ 1926ರಲ್ಲಿ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿಗೆ ಹೋದರು. ಈ ದಂಪತಿಯ ಮಗ ಜನರಲ್ ಪಿ. ಪಿ. ಕುಮಾರಮಂಗಲಂ ಮುಂದೆ ಭಾರತದ ಭೂಸೇನೆಯ ಮುಖ್ಯಸ್ಥರಾದರು.

ಸರ್ಕಾರ ರಾಯರಿಗೆ ರಾವ್ ಸಾಹೇಬ್ ಬಿರುದು ಕೊಟ್ಟಿತು. ಆದರೆ ಅವರ ಆಸೆಯೇ ಬೇರೆ. ತಮ್ಮ ಶಾಲೆಯಲ್ಲಿ ಕಲಿತ ಮಗುವೊಂದು ದೊಡ್ಡ ಹುದ್ದೆಗೇರಿ ಇದೇ ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಕಾರು ಎಬ್ಬಿಸಿದ ಧೂಳು ತಮ್ಮ ತಲೆಗೆ ತಾಗಬೇಕು, ಆಗ ಬಾಳು ಸಾರ್ಥಕ ಎನ್ನುತ್ತಿದ್ದರಂತೆ. ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದ ಕಾಲದಲ್ಲಿ ಈ ಮಾತು ಕೇಳಿದವರಿಗೆ ಹೇಗಾಗಿರಬೇಡ!

1927ರಲ್ಲಿ ಅವರು ಸನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. ಮರುವರ್ಷ ಜನವರಿ 30ರಂದು ತೀರಿಕೊಂಡರು. ಗಾಂಧೀಜಿಯವರ ಹರಿಜನ ಯಾತ್ರೆ ಮಂಗಳೂರಿಗೆ ಬಂದಾಗ 1934ರ ಫೆಬ್ರವರಿ. ಅಷ್ಟರಲ್ಲಿ ಮಿಷನ್ನಿಗೆ 37 ವರ್ಷ ತುಂಬಿತ್ತು. ಮದ್ರಾಸ್ ಪ್ರಾಂತ್ಯದಲ್ಲಿ ಸಾರ್ವಜನಿಕ ಬಾವಿ, ರಸ್ತೆಗಳಲ್ಲಿ ತಡೆಯುವುದನ್ನು ನಿಷೇಧಿಸುವ ಕಾನೂನು 1938ರಲ್ಲಿ ಬಂತು. ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕರ್ನಾಟಕ ಕಾನೂನಿನ ಮೂಲಕ ನಿಲ್ಲಿಸಿದ್ದು 2000ದಲ್ಲಿ, ಶಾಲೆ ಶುರುವಾಗಿ ನೂರೆಂಟು ವರ್ಷಗಳ ಮೇಲೆ.

ತಮ್ಮ ಅಂತ್ಯಸಂಸ್ಕಾರವನ್ನು ದಲಿತರೇ ಮಾಡಬೇಕೆಂದು ರಾಯರು ಮೊದಲೇ ತಿಳಿಸಿದ್ದರು, ಹಾಗೆಯೇ ನಡೆಯಿತು. ಅವರ ಸಮಾಧಿ ಅತ್ತಾವರದ ಬಾಬುಗುಡ್ಡೆಯಲ್ಲಿದೆ. ಧೂಳಿನ ಆ ಆಸೆಯನ್ನು ಅಲ್ಲಿ ಕೆತ್ತಿಸಿದ್ದಾರೆ.