ಹಿಮ ಸರಿದ ನೆಲದಲ್ಲಿ ಜಾನ್ ಮ್ಯೂರ್



ನಮ್ಮ ಸಂಡೂರು ಗುಡ್ಡದಾಗ ಅದಿರು ತೆಗೆದು ಸುರಿದ ಮಣ್ಣಿನ ರಾಶಿಗಳನ್ನು ನೀವೂ ನೋಡೀರಿ. ಕೆಂಪಗೆ, ಬೋಳಾಗಿ ಬಿದ್ದಾವೆ. ಅಲ್ಲಿ ಮತ್ತೆ ಗಿಡ ಹುಟ್ಟುತ್ತೋ ಇಲ್ಲೋ ಅಂತ ಅಜ್ಜನನ್ನು ಕೇಳಿದೆ. ಅಜ್ಜ ಏನೂ ಹೇಳದೆ ಎಮ್ಮೆ ಹೊಡ್ಕೊಂಡು ಹೋದ. ವಿಜ್ಞಾನದ ಮೇಷ್ಟ್ರು ಮಾತ್ರ ಜಾನ್ ಮ್ಯೂರ್ ಎಂಬುವರ ಕಥೆ ಹೇಳಿದರು.

ಮ್ಯೂರ್ ಹುಟ್ಟಿದ್ದು 1838ರ ಏಪ್ರಿಲ್ 21ರಂದು, ಸ್ಕಾಟ್ಲೆಂಡಿನ ಡನ್‌ಬಾರ್ ಊರಿನಲ್ಲಿ. 1849ರಲ್ಲಿ ಮನೆಯವರು ಅಮೆರಿಕಕ್ಕೆ ಹೋದರು. ಅಪ್ಪ ಬಹಳ ಬಿಗಿ ಮನುಷ್ಯ. ಹೊಲದಲ್ಲಿ ಬಾವಿ ಕೊರೆಯುವಾಗ ತಳದಲ್ಲಿ ಕೆಟ್ಟ ಗಾಳಿ ತುಂಬಿ ಹುಡುಗ ಸಾಯುವ ಹಾಗಾಗಿತ್ತು. 1867ರಲ್ಲಿ ಕಾರ್ಖಾನೆಯಲ್ಲಿ ಅರ ಜಾರಿ ಬಲಗಣ್ಣಿಗೆ ಚುಚ್ಚಿತು. ಕೆಲವು ದಿನ ಎರಡೂ ಕಣ್ಣು ಕಾಣಲಿಲ್ಲ. ದೃಷ್ಟಿ ಮರಳಿದ ಮೇಲೆ ಕಾರ್ಖಾನೆ ಬಿಟ್ಟು ಗಿಡ ನೋಡುತ್ತಾ ನಡೆದೇ ಹೊರಟರು. ಕ್ಯಾಲಿಫೋರ್ನಿಯಾದಲ್ಲಿ ಕುರಿ ಕಾದರು. ಯೊಸೆಮಿಟಿ ಕಣಿವೆಯನ್ನು ಕೊರೆದದ್ದು ಹಿಮನದಿ ಎಂದಾಗ, ಕುರಿ ಕಾಯುವವನಿಗೇನು ಗೊತ್ತು ಎಂದು ದೊಡ್ಡ ಭೂವಿಜ್ಞಾನಿ ಹೀಯಾಳಿಸಿದರು. ಹೆಚ್ಚು ಸರಿಯಾದದ್ದು ಕುರಿ ಕಾದವನ ಮಾತೇ!

1879ರಲ್ಲಿ ಅವರು ಟ್ಲಿಂಗಿಟ್ ಜನರ ದೋಣಿಯಲ್ಲಿ ಅಲಾಸ್ಕದ ಗ್ಲೇಸಿಯರ್ ಬೇ ಕೊಲ್ಲಿಗೆ ಹೋದರು. ಟ್ಲಿಂಗಿಟ್ ಜನ ಹಿಂದೆ ಅಲ್ಲೇ ಬಾಳಿದವರು. ಹಿಮ ಮುಂದೆ ಬಂದು ಅವರನ್ನು ಓಡಿಸಿತ್ತು. 1794ರಲ್ಲಿ ಆ ಕೊಲ್ಲಿಯ ಬಾಯಲ್ಲೇ ಹಿಮದ ಗೋಡೆ ನಿಂತಿತ್ತಂತೆ. ಮ್ಯೂರ್ ಹೋಗುವ ಹೊತ್ತಿಗೆ ಅದು ಸಂಡೂರಿಂದ ಹೊಸಪೇಟೆಗಿಂತ ಹೆಚ್ಚು ದೂರ ಹಿಂದೆ ಸರಿದಿತ್ತು. ಉಳಿದದ್ದು ಬರೀ ಕಲ್ಲು, ಮರಳು.

ಅಂಥ ನೆಲಕ್ಕೆ ಮೊದಲು ಬರುವುದು ಪಾಚಿ, ಕಲ್ಲುಹೂವು. ಹಂಪಿಯ ಬಂಡೆ ಮೇಲಿನ ಬೂದಿಬಣ್ಣದ ಚಕ್ಕೆಗಳು ಅದೇ ಜಾತಿಯವು. ಅವ್ವ ಮಸಾಲೆಗೆ ಹಾಕುವುದೂ ಒಂದು ಕಲ್ಲುಹೂವೇ! ಆಮೇಲೆ ನೆಲಕ್ಕಂಟಿ ಹರಡುವ ಡ್ರಯಾಸ್, ಅದರ ಮೇಲೆ ಆಲ್ಡರ್ ಪೊದೆ. ಸೇಂಗಾ ಬೇರಿನಲ್ಲಿರುವಂಥ ಗಂಟು ಆಲ್ಡರ್ ಬೇರಿನಲ್ಲೂ ಇರುತ್ತವೆ, ಗಾಳಿಯ ಸಾರಜನಕ ಹಿಡಿದು ನೆಲಕ್ಕೆ ಕೊಡುತ್ತವೆ. ಆ ಗೊಬ್ಬರ ಉಂಡು ಸ್ಪ್ರೂಸ್ ಮರ ಎತ್ತರ ಬೆಳೆದು, ಕೊನೆಗೆ ಆಲ್ಡರಿಗೇ ಬಿಸಿಲು ಸಿಗದ ಹಾಗೆ ಮಾಡುತ್ತದೆ. ಇದಕ್ಕೆಲ್ಲ 100 ವರ್ಷಕ್ಕೂ ಹೆಚ್ಚು ಬೇಕು. ಇದೆಲ್ಲ ಮ್ಯೂರ್ ಒಬ್ಬರೇ ಕಂಡದ್ದಲ್ಲ. 1916ರಲ್ಲಿ ವಿಲಿಯಂ ಕೂಪರ್ ಅಲ್ಲಿ ಒಂದೊಂದು ಮೀಟರಿನ ಚೌಕ ಗುರುತಿಸಿ ಗಿಡ ಎಣಿಸಿದರು. ಅವರ ನಂತರದವರೂ ಎಣಿಸುತ್ತಾ ಬಂದಿದ್ದಾರೆ.

ಮ್ಯೂರ್ 1903ರಲ್ಲಿ ನಮ್ಮ ದೇಶಕ್ಕೂ ಬಂದು ಹಿಮಾಲಯದ ದೇವದಾರು ನೋಡಿದ್ದರು. ಹೆಚ್‌ಹೆಚಿ ಕಣಿವೆಗೆ ಅಣೆಕಟ್ಟು ಬೇಡವೆಂದು ಹೋರಾಡಿ 1913ರಲ್ಲಿ ಸೋತರು. ಟಿ.ಬಿ. ಡ್ಯಾಮಿನ ನೀರಲ್ಲಿ ಬೆಳೆದ ಕಂಪ್ಲಿ ಕಡೆಯ ಅಕ್ಕಿ ಉಣ್ಣುವ ನನಗೆ ಇಲ್ಲಿ ಯಾರ ಪರ ಇರಬೇಕೋ ತಿಳಿಯಲಿಲ್ಲ. 1914ರ ಡಿಸೆಂಬರ್ 24ರಂದು ಅವರು ತೀರಿಕೊಂಡರು.

ನಮ್ಮ ಜಿಲ್ಲೆಯಲ್ಲಿ 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸಿತ್ತು. ಕೆಟ್ಟ ನೆಲ ಸರಿಪಡಿಸಿದ ಮೇಲೇ ಮತ್ತೆ ಅಗೆಯಬೇಕೆಂಬ ಷರತ್ತೂ ಬಂತು. ಹೋದ ವಾರ ಅಜ್ಜನ ಜೊತೆ ಹೋಗಿ ಊರ ಕಡೆಯ ಹಳೇ ರಾಶಿ ನೋಡಿದೆ. ಕಾಡಿನ ಅಂಚಿಗೆ ಹುಲ್ಲು ಬಂದಿದೆ, ಬಂದರಿಕೆ ಗಿಡ 7 ಇವೆ. ನಡುವೆ ಒಂದೂ ಇಲ್ಲ. ಬೀಜ ಬರುವುದು ಪಕ್ಕದ ಕಾಡಿನಿಂದಲೇ ಅಲ್ಲವೇ? ಅಂಚಿನಲ್ಲಿ ನಾಲ್ಕು ಕೋಲು ನೆಟ್ಟು ಹಗ್ಗ ಕಟ್ಟಿ ಬಂದೀನಿ. ಮಳೆಗಾಲ ಮುಗಿದ ಮೇಲೆ ಮತ್ತೆ ಎಣಿಸಬೇಕು. ಬರುವವರು ನನಗೆ ಹೆಸರು ಕೊಡಿ.