ವೈದ್ಯೆ ಮೇರಿ ಜಕ್ಷೆವ್ಸ್ಕಾ ಅವರ ಚರಿತ್ರೆ

ಹೆಣ್ಣುಮಕ್ಕಳ ಶಾಲೆಗಳಿಂದ ಹೊರಟು ದಾದಿಯರ ವಿದ್ಯೆಯನ್ನು ಕಲಿತು, ಸಮುದ್ರವನ್ನು ದಾಟಿ ಪರದೇಶಗಳಲ್ಲಿ ರೋಗಿಗಳ ಸೇವೆಗೆ ನಿಂತವರು ನಮ್ಮ ನಾಡಿನಲ್ಲಿ ಅನೇಕರುಂಟು. ಇಲ್ಲಿ ಪಡೆದ ಯೋಗ್ಯತಾಪತ್ರವನ್ನು ಕೈಯಲ್ಲಿ ಹಿಡಿದು ಹೋದರೂ, ಅಲ್ಲಿ ಮತ್ತೆ ಭಾಷೆಯನ್ನು ಕಲಿತು ಪರೀಕ್ಷೆಗೆ ಕುಳಿತು ಸನ್ನದನ್ನು ಪಡೆಯಬೇಕಾಗುವುದು ಅವರಿಗೆ ಎಷ್ಟು ಕಷ್ಟವೆಂಬುದನ್ನು ತಾಯಿತಂದೆಗಳು ಬಲ್ಲರು. ಈ ಕಷ್ಟವು ಹೊಸದಲ್ಲ. ಅದನ್ನು 170 ವರುಷಗಳಿಗೆ ಹಿಂದೆ ಅನುಭವಿಸಿ, ಅದರಿಂದಲೇ ಇತರರಿಗೆ ದಾರಿಯನ್ನು ಮಾಡಿಕೊಟ್ಟ ಒಬ್ಬ ಮಹಿಳೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಮೇರಿ ಜಕ್ಷೆವ್ಸ್ಕಾ 1829ನೆಯ ಇಸವಿ ಸೆಪ್ಟೆಂಬರ್ 6ರಂದು ಜರ್ಮನಿಯ ಬರ್ಲಿನ್ ಪಟ್ಟಣದಲ್ಲಿ ಹುಟ್ಟಿದಳು. ಮಕ್ಕಳಲ್ಲಿ ಈಕೆಯೇ ಹಿರಿಯಳು. ತಂದೆಯ ಸಂಪಾದನೆ ಸಂಸಾರಕ್ಕೆ ಸಾಲದೆ ಹೋದುದರಿಂದ ತಾಯಿಯು ಶಾರಿಟೆ ಎಂಬ ದೊಡ್ಡ ಆಸ್ಪತ್ರೆಯಲ್ಲಿ ಸೂಲಗಿತ್ತಿಯ ವಿದ್ಯೆಯನ್ನು ಕಲಿತು ಆ ವೃತ್ತಿಯನ್ನು ಕೈಕೊಂಡಳು. ತಾಯಿಯ ಜೊತೆಯಲ್ಲಿ ಆಸ್ಪತ್ರೆಯಲ್ಲಿದ್ದ ಬಾಲಕಿಗೆ ರೋಗಿಗಳ ಶುಶ್ರೂಷೆಯೇ ಆಟಪಾಠವಾಯಿತು. ಪ್ರಾಯಕ್ಕೆ ಬಂದ ಮೇಲೆ ಮೇರಿಯೂ ಅದೇ ಶಾಲೆಗೆ ಸೇರಬಯಸಿದಳು. ವಯಸ್ಸು ಚಿಕ್ಕದೆಂದು ಮೊದಲು ಅವಳನ್ನು ತಡೆದರು. ಡಾಕ್ಟರ್ ಷ್ಮಿಟ್ ಎಂಬ ಪ್ರೊಫೆಸರರು ಅವಳ ಬುದ್ಧಿಯನ್ನು ಕಂಡು ಪಕ್ಷವಹಿಸಿದುದರಿಂದ ಪ್ರವೇಶ ದೊರೆಯಿತು. ಅವಳು ಉತ್ತಮವಾಗಿ ತೇರ್ಗಡೆ ಹೊಂದಿದಳು. 1852ರಲ್ಲಿ ಆ ಆಸ್ಪತ್ರೆಯ ಮುಖ್ಯ ಸೂಲಗಿತ್ತಿಯ ಪದವಿಯೂ ಇಪ್ಪತ್ತೆರಡು ವರುಷದ ಆಕೆಗೆ ದೊರೆಯಿತು. ಆದರೆ ನೇಮಕವಾದ ದಿನವೇ ಗುರುಗಳು ತೀರಿಕೊಂಡರು. ಇಷ್ಟು ಎಳೆಯ ಪ್ರಾಯದ ಹೆಂಗಸು ಅಂಥ ಸ್ಥಾನದಲ್ಲಿರುವುದನ್ನು ಸಹಿಸದವರು ಕಿರುಕುಳ ಕೊಡಲಾರಂಭಿಸಿದರು. ಆರು ತಿಂಗಳಲ್ಲೇ ಅವಳು ಕೆಲಸವನ್ನು ಬಿಟ್ಟಳು.

ಅಮೆರಿಕ ದೇಶದ ಫಿಲಡೆಲ್ಫಿಯದಲ್ಲಿ ಸ್ತ್ರೀಯರಿಗಾಗಿ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಸಂಗತಿಯನ್ನು ಗುರುಗಳ ಮೂಲಕ ಅವಳು ತಿಳಿದಿದ್ದಳು. ಸ್ತ್ರೀಯರ ವಿದ್ಯೆಗೆ ಅಷ್ಟು ಮರ್ಯಾದೆಯಿರುವ ದೇಶದಲ್ಲಿ ತನಗೂ ಸ್ಥಳವುಂಟೆಂದು ನಂಬಿ, 1853ರಲ್ಲಿ ತಂಗಿಯನ್ನು ಕರೆದುಕೊಂಡು ಹಡಗನ್ನೇರಿ ನ್ಯೂಯಾರ್ಕ್ ಪಟ್ಟಣಕ್ಕೆ ಬಂದಳು. ಬಂದೊಡನೆಯೇ ಆ ನಂಬಿಕೆಯು ಮುರಿಯಿತು. ಅಲ್ಲಿ ವೈದ್ಯೆಯರಿಗೆ ಕೀಳು ಹೆಸರಿತ್ತು. ಕುಟುಂಬಕ್ಕೆ ಪರಿಚಿತರಾದ ಜರ್ಮನ್ ವೈದ್ಯರೊಬ್ಬರು ತಮ್ಮ ಕೈಕೆಳಗೆ ದಾದಿಯಾಗಿ ದುಡಿಯುವಂತೆ ಆಕೆಗೆ ಸಲಹೆಯಿತ್ತರು. ಆಕೆಯು ಅದನ್ನು ಒಪ್ಪಲಿಲ್ಲ. ಇಂಗ್ಲಿಷ್ ಭಾಷೆಯಂತೂ ಬಾರದು. ಬರ್ಲಿನ್ನಿನ ಪತ್ರಗಳು ಪೆಟ್ಟಿಗೆಯಲ್ಲಿಯೇ ಉಳಿದುವು.

ಹೊಟ್ಟೆಪಾಡಿಗಾಗಿ ಅಕ್ಕತಂಗಿಯರು ಉಣ್ಣೆಯ ನೂಲಿನ ಹೆಣಿಗೆಯ ಸಾಮಾನುಗಳನ್ನು ಮಾಡಿ ಅಂಗಡಿಗಳಿಗೆ ಮಾರತೊಡಗಿದರು. ಕೆಲಸವು ಬೆಳೆದು, ಇತರ ಬಡ ಹೆಂಗಸರಿಗೂ ಕೂಲಿ ಕೊಡುವಷ್ಟಾಯಿತು. ಬೇರೊಬ್ಬಳಾಗಿದ್ದರೆ ಅಷ್ಟಕ್ಕೆ ತೃಪ್ತಳಾಗುತ್ತಿದ್ದಳು. ಆದರೆ ಹೆಣಿಗೆಯ ಲಾಭವನ್ನು ಎಣಿಸುವಾಗಲೂ ಮೇರಿಯ ಮನಸ್ಸು ಆಸ್ಪತ್ರೆಯಲ್ಲಿಯೇ ಇತ್ತು.

ಒಂದು ವರುಷದ ತರುವಾಯ, 1854ರ ಮೇ ತಿಂಗಳಲ್ಲಿ, ಡಾಕ್ಟರ್ ಎಲಿಜಬೆತ್ ಬ್ಲ್ಯಾಕ್‌ವೆಲ್ ಅವರ ಪರಿಚಯವಾಯಿತು. ಅಮೆರಿಕದಲ್ಲಿ ಮೊತ್ತಮೊದಲು, 1849ರಲ್ಲಿ, ವೈದ್ಯಪದವಿಯನ್ನು ಪಡೆದ ಸ್ತ್ರೀಯು ಈಕೆಯೇ. ಈಕೆಯೂ ಇಂಗ್ಲೆಂಡಿನಿಂದ ವಲಸೆ ಬಂದವಳಾದುದರಿಂದ ಪರದೇಶದ ಕಷ್ಟವನ್ನು ಅರಿತಿದ್ದಳು. ಅವಳು ಮೇರಿಗೆ ಇಂಗ್ಲಿಷ್ ಪಾಠವನ್ನು ಹೇಳಿ, ಕ್ಲೀವ್‌ಲೆಂಡ್ ಪಟ್ಟಣದ ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶವನ್ನು ದೊರಕಿಸಿಕೊಟ್ಟಳು. ಬರ್ಲಿನ್ನಿನಲ್ಲಿ ಇತರರಿಗೆ ಕಲಿಸುತ್ತಿದ್ದವಳು ಇಲ್ಲಿ ಅರ್ಥವಾಗದ ಭಾಷೆಯಲ್ಲಿ ಗಂಡಸರ ನಡುವೆ ಪಾಠಕ್ಕೆ ಕುಳಿತುಕೊಳ್ಳಬೇಕಾಯಿತು. ಅದನ್ನು ಅವಮಾನವೆಂದು ಬಗೆಯಲಿಲ್ಲ. ಕಲಿಯದೆ ಉಳಿಯುವುದೇ ಅವಮಾನವೆಂದು ತಿಳಿದಳು. 1856ರಲ್ಲಿ ವೈದ್ಯಪದವಿಯು ದೊರೆಯಿತು.

ಪದವಿ ದೊರೆತರೂ ಬಾಗಿಲುಗಳು ಸುಲಭವಾಗಿ ತೆರೆಯಲಿಲ್ಲ. ನ್ಯೂಯಾರ್ಕಿನಲ್ಲಿ ವೈದ್ಯೆಗೆ ಬಾಡಿಗೆಗೆ ಕೋಣೆಯನ್ನು ಕೊಡುವವರೇ ಇರಲಿಲ್ಲ. ಬ್ಲ್ಯಾಕ್‌ವೆಲ್ ತನ್ನ ಮನೆಯಲ್ಲಿಯೇ ಒಂದು ಕೋಣೆಯನ್ನು ಬಿಟ್ಟುಕೊಟ್ಟಳು. ಇವರೀರ್ವರೂ ಬ್ಲ್ಯಾಕ್‌ವೆಲ್ಲಳ ತಂಗಿ ಎಮಿಲಿಯೂ ಸೇರಿ ಹಣವನ್ನು ಕೂಡಿಸಿ, 1857ರ ಮೇ 12ರಂದು ಬಡ ಹೆಂಗಸರಿಗೂ ಮಕ್ಕಳಿಗೂ ಒಂದು ಆಸ್ಪತ್ರೆಯನ್ನು ತೆರೆದರು. ಮೇರಿಯು ಎರಡು ವರುಷ ಅಲ್ಲಿಯೇ ವಾಸಿಸಿ, ರೋಗಿಗಳನ್ನು ನೋಡುವುದರಿಂದ ಹಿಡಿದು ಮನೆವಾರ್ತೆಯನ್ನು ನಡೆಸುವ ವರೆಗೆ ಎಲ್ಲವನ್ನೂ ಮಾಡಿದಳು.

1859ರಲ್ಲಿ ಬಾಸ್ಟನ್ ಪಟ್ಟಣದ ಸ್ತ್ರೀಯರ ವೈದ್ಯಕೀಯ ಕಾಲೇಜಿನವರು ಆಕೆಯನ್ನು ಪ್ರೊಫೆಸರಳನ್ನಾಗಿ ಕರೆದರು. ಅಲ್ಲಿ ಕಲಿಸುವ ವಿಷಯದಲ್ಲಿ ಆಡಳಿತದವರೊಡನೆ ಭಿನ್ನಾಭಿಪ್ರಾಯವುಂಟಾಯಿತು. ಸೂಕ್ಷ್ಮದರ್ಶಕ ಯಂತ್ರವನ್ನು ಬಳಸಿ ಆಳವಾಗಿ ಕಲಿಸಬೇಕೆಂಬುದು ಆಕೆಯ ಹಟ. ವಿದ್ಯೆಯಿಲ್ಲದವಳಿಗೆ ಪದವಿಯನ್ನು ಕೊಟ್ಟರೆ ವಿದ್ಯಾವಂತೆಯರೆಲ್ಲರ ಪದವಿಗೂ ಬೆಲೆ ಕೆಡುವುದೆಂದು ಆಕೆಯು ಅರಿತಿದ್ದಳು. ಒಪ್ಪಿಗೆಯಾಗದಿರಲು ಆ ಹುದ್ದೆಯನ್ನು ತ್ಯಜಿಸಿ, 1862ರಲ್ಲಿ ನ್ಯೂ ಇಂಗ್ಲೆಂಡ್ ಸ್ತ್ರೀಯರ ಮತ್ತು ಮಕ್ಕಳ ಆಸ್ಪತ್ರೆಯನ್ನು ಸ್ಥಾಪಿಸಿದಳು. ವೈದ್ಯೆಯರು ಅಲ್ಲಿ ರೋಗಿಗಳ ಮಂಚದ ಬಳಿ ನಿಂತು ಕಲಿಯುವ ಅವಕಾಶವನ್ನು ಪಡೆದರು.

ಆ ಆಸ್ಪತ್ರೆಯಲ್ಲಿ 1872ರಲ್ಲಿ ದಾದಿಯರ ಶಾಲೆಯೊಂದು ಕ್ರಮವಾಗಿ ಆರಂಭವಾಯಿತು. ಜ್ಯೂರಿಕ್ ನಗರದಲ್ಲಿ ಕಲಿತು ಬಂದ ಡಾಕ್ಟರ್ ಸೂಸನ್ ಡಿಮಕ್ ಅದನ್ನು ನಡೆಸಿದಳು. ದಾದಿಯರು ಬೆಳಗಿನ ಜಾವದಿಂದ ರಾತ್ರಿಯ ವರೆಗೆ ದುಡಿದು ವಾರ್ಡಿನ ನಡುವಣ ಸಣ್ಣ ಕೋಣೆಗಳಲ್ಲಿ ಮಲಗುತ್ತಿದ್ದರು. ಔಷಧದ ಸೀಸೆಗಳ ಮೇಲೆ ಹೆಸರಿರದೆ ಅಂಕೆ ಮಾತ್ರವಿರುತ್ತಿತ್ತು. ಇಂಥ ಆರಂಭದಿಂದಲೇ 1873ರಲ್ಲಿ ಲಿಂಡಾ ರಿಚರ್ಡ್ಸ್ ಎಂಬಾಕೆಯು ಯೋಗ್ಯತಾಪತ್ರವನ್ನು ಪಡೆದು, ಅಮೆರಿಕದ ಮೊದಲನೆಯ ಶಿಕ್ಷಿತ ದಾದಿಯೆಂದು ಹೆಸರಾದಳು. ಆಕೆಯೇ ಮುಂದೆ ಮಿಷನ್ನಿನ ಕರೆಯಂತೆ ಜಪಾನಿಗೆ ಹೋಗಿ, ಕ್ಯೋಟೊ ಪಟ್ಟಣದಲ್ಲಿ ದಾದಿಯರ ಶಾಲೆಯನ್ನು ನಡೆಸಿದಳು. 1879ರಲ್ಲಿ ಮೇರಿ ಎಲೈಜಾ ಮಹೋನಿ ಎಂಬ ಕರಿಯ ಜನಾಂಗದ ಹೆಣ್ಣುಮಗಳು ಅಲ್ಲಿಯೇ ತೇರ್ಗಡೆ ಹೊಂದಿ, ಆ ಜನಾಂಗದ ಮೊದಲನೆಯ ಶಿಕ್ಷಿತ ದಾದಿಯಾದಳು. ಇತರ ಕಡೆ ಬಣ್ಣವನ್ನು ನೋಡಿ ಮುಚ್ಚುತ್ತಿದ್ದ ಬಾಗಿಲು ಇಲ್ಲಿ ತೆರೆದಿತ್ತು.

ಡಾಕ್ಟರ್ ಮೇರಿ 1902ನೆಯ ಇಸವಿ ಮೇ 12ರಂದು ಬಾಸ್ಟನ್ನಿನಲ್ಲಿ ತನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಗತಿಸಿದಳು. ನ್ಯೂಯಾರ್ಕಿನ ಆಸ್ಪತ್ರೆ ತೆರೆದ ತಾರೀಕೂ ಅದೇ. ಮರುವರುಷವೇ, 1903ರಲ್ಲಿ, ಉತ್ತರ ಕೆರೊಲೈನಾ ಸಂಸ್ಥಾನದಲ್ಲಿ ದಾದಿಯರ ಹೆಸರುಗಳನ್ನು ಸರಕಾರವೇ ದಾಖಲು ಮಾಡಿ ಸನ್ನದು ಕೊಡುವ ಕಾನೂನು ಹುಟ್ಟಿತು. ಅಮೆರಿಕದಲ್ಲಿ ಅಂಥ ಕಾನೂನು ಅದೇ ಮೊದಲನೆಯದು.

ಕಾಲದ ವಿಚಿತ್ರವನ್ನು ನೋಡಿರಿ. ಬರ್ಲಿನ್ನಿನ ಪತ್ರಗಳಿಗೆ ಅಂದು ನ್ಯೂಯಾರ್ಕಿನಲ್ಲಿ ಬೆಲೆಯಿರಲಿಲ್ಲ. ಇಂದು ಅದೇ ಜರ್ಮನಿಗೆ ಹೋಗುವ ಭಾರತದ ದಾದಿಯರು ಜರ್ಮನ್ ಭಾಷೆಯನ್ನು ಕಲಿತು ತಮ್ಮ ವಿದ್ಯೆಗೆ ಅಲ್ಲಿಯ ಮನ್ನಣೆಯನ್ನು ಪಡೆಯಬೇಕಾಗಿದೆ. ಪರೀಕ್ಷೆಯ ಪುಸ್ತಕವನ್ನು ಮುಂದಿಟ್ಟುಕೊಂಡು ಮನಸ್ಸು ಕುಗ್ಗಿದ ಮಗಳು ನಿಮ್ಮಲ್ಲಿದ್ದರೆ, ಅವಳಿಗೆ ಈ ಚರಿತ್ರೆಯನ್ನು ಓದಿ ಹೇಳಿರಿ. ಪರದೇಶದಲ್ಲಿ ಪತ್ರವು ಮೌನವಾದರೂ ಕೈಯಲ್ಲಿರುವ ವಿದ್ಯೆಯು ಅಳಿಯದು. ಎರಡನೆಯ ಸಲ ಕಲಿಯಲು ನಾಚದವಳು ತಾನು ದಾಟಿದ ಹೊಳೆಗೆ ತನ್ನ ಹಿಂದೆ ಬರುವವರಿಗಾಗಿ ಸೇತುವೆಯನ್ನು ಕಟ್ಟಬಲ್ಲಳು.